ಮೇಷ್ಟ್ರ ಆಕ್ಸಿಜನ್ ಮಷೀನು

"ಮತ್ತೆ ಕೂಗ್ತಿದೆ, ಬೇಗ ಬನ್ನಿ!" ಎಂದು ಸೊಸೆ ಫೋನಿಟ್ಟಳು. ಒಂದೇ ವಾರದಲ್ಲಿ ಇದು ನಾಲ್ಕನೇ ಸಲ. ರಿಪೇರಿಯವನು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ.

ಮೇಷ್ಟ್ರು ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಮಂಚದ ಮೇಲೆ ಆರಾಮಾಗಿ ಪೇಪರ್ ಓದುತ್ತಿದ್ದರು. ಮೂವತ್ತೈದು ವರ್ಷ ಒಂದನೇ ತರಗತಿಯವರಿಗೆ ಮಗ್ಗಿ ಬಾಯಿಪಾಠ ಮಾಡಿಸಿದ ಜೀವ. ಈಗ ಶ್ವಾಸಕೋಶ ಕೈಕೊಟ್ಟಿತ್ತು. ಕಿಟಕಿಯ ಪಂಜರದಲ್ಲಿ ಗಿಳಿ ಕಾಳು ಕಡಿಯುತ್ತಿತ್ತು.

ಮಷೀನಿನ ಆ ಕಡೆ ಮಗ, ಈ ಕಡೆ ಸೊಸೆ.

"ಫಿಲ್ಟರ್ ನಿನ್ನೆ ತಾನೇ ತೊಳೆದಿದ್ದೀನಿ ಅಂತ ಅವರಿಗೆ ಹೇಳಿ," ಎಂದಳು ಸೊಸೆ, ರಿಪೇರಿಯವನಿಗೆ.

"ಪ್ಲಗ್ ಸಡಿಲ ಇದೆ ಅಂತ ಹೋದ ಸಲಾನೇ ನಿಮಗೆ ಹೇಳಿದ್ದೆ ಅಂತ ಅವಳಿಗೂ ಹೇಳಿ," ಎಂದ ಮಗ.

ಆರು ವಾರದಿಂದ ಗಂಡ ಹೆಂಡತಿ ಮಾತು ಬಿಟ್ಟಿದ್ದರು. ಅವನು ಮುಂದಿನ ಕೋಣೆ, ಅವಳು ಹಿಂದಿನ ಕೋಣೆ. ಮಷೀನು ಕೂಗಿದಾಗ ಮಾತ್ರ ಎದ್ದುಬಿದ್ದು ಓಡಿಬಂದು ಇಲ್ಲಿ ಸೇರುತ್ತಿದ್ದರು.

ರಿಪೇರಿಯವನು ಫಿಲ್ಟರ್ ನೋಡಿದ. ನೀರಿನ ಬಾಟಲಿಯ ಮುಚ್ಚಳ ಬಿಗಿಮಾಡಿದ. ಕೊಳವೆ ಎಲ್ಲಾದರೂ ಮಡಚಿದೆಯೇ ಎಂದು ಗೇಣುಗೇಣು ತಡವಿದ. ಅದರ ತುದಿಯನ್ನು ಲೋಟದ ನೀರಿಗೆ ಅದ್ದಿದರೆ ಗುಳುಗುಳು ಗುಳ್ಳೆ. ಮೇಷ್ಟ್ರ ಬೆರಳಿಗೆ ಸಿಕ್ಕಿಸಿದ್ದ ಆಕ್ಸಿಜನ್ ಮೀಟರಿನಲ್ಲೂ ತೊಂಬತ್ತೈದು, ಏನೂ ತೊಂದರೆಯಿಲ್ಲ. ಹೋದ ಸಲ ಮಷೀನನ್ನೇ ಬದಲಾಯಿಸಿದ್ದ. ಅದೂ ಕೂಗುತ್ತದೆಂದರೆ! "ಇವತ್ತು ಸರಿಹೋಗದಿದ್ರೆ ಇನ್ನೊಬ್ಬನನ್ನ ಕಳಿಸ್ತೀನಿ," ಎಂದು ಕಂಪನಿಯ ಮೇಲಿನವರು ಬೆಳಿಗ್ಗೆಯೇ ಅವನ ಮಾನ ತೆಗೆದಿದ್ದರು.

ಬೀಪ್! ಬೀಪ್! ಬೀಪ್!

"ರೀ, ಆ ವೈರ್ ಹಿಡ್ಕೊಳ್ಳಿ!"

"ನೀನು ಬಿಡು, ಶಾಕ್ ಹೊಡೀತು ಅಂದ್ರೆ?"

ಅಲಾರಂ ಜೊತೆಗೇ ಹತ್ತಬೇಕಾದ ಕೆಂಪು ದೀಪ ಹತ್ತಿರಲಿಲ್ಲ. ರಿಪೇರಿಯವನು ಮೇಷ್ಟ್ರಿಗೆ ಮೂಲೆಯ ಸಿಲಿಂಡರಿನ ಕೊಳವೆ ಹಾಕಿ, ಮಷೀನು ಆಫ್ ಮಾಡಿ ಪ್ಲಗ್ಗನ್ನೇ ಕಿತ್ತ. ಗುರುಗುಟ್ಟುವುದು ನಿಂತಿತು.

ಬೀಪ್! ಬೀಪ್! ಬೀಪ್!

ಮೂವರೂ ತಿರುಗಿ ನೋಡಿದರು. ಪಂಜರದೊಳಗೆ ಗಿಳಿ ಕತ್ತು ಓರೆ ಮಾಡಿ ಇನ್ನೊಮ್ಮೆ ಕೂಗಿತು.

ಮೊದಲು ನಕ್ಕವನು ಮಗ. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆಗಲಿಲ್ಲ. ಗಂಡನ ಭುಜ ಹಿಡಿದುಕೊಂಡೇ ನಕ್ಕಳು.

"ನಿನ್ನ ಥರಾನೇ, ಹೇಳಿದ್ದನ್ನೇ ಹೇಳುತ್ತೆ," ಎಂದ ಅವನು.

"ನಿಮ್ಮ ಥರ ಮೂತಿ ಊದಿಸ್ಕೊಂಡು ಕೂರಲ್ವಲ್ಲ!"

ಇಬ್ಬರೂ ಟೀ ಮಾಡಲು ಒಟ್ಟಿಗೇ ಅಡುಗೆಮನೆಗೆ ಹೋದರು. ರಿಪೇರಿಯವನು ಮಷೀನನ್ನು ಮತ್ತೆ ಚಾಲೂ ಮಾಡಿ ಮೇಷ್ಟ್ರಿಗೆ ಜೋಡಿಸಿದ. "ಕೆಂಪು ದೀಪ ಹತ್ತಿದ್ರೆ ಮಾತ್ರ ಫೋನ್ ಮಾಡಿಸಿ, ಮೇಷ್ಟ್ರೇ."

"ಆಗ್ಲಪ್ಪ, ಪಾಪ, ನಿನಗೆ ಸುಮ್ಮನೆ ತೊಂದರೆ," ಎಂದರು ಮೇಷ್ಟ್ರು.

ಅರ್ಧ ಮೆಟ್ಟಿಲಿಳಿದವನ ಕಾಲು ಅಲ್ಲೇ ನಿಂತಿತು. ಅವನು ಪರೀಕ್ಷಿಸಿದ್ದಾಗ ಹಳೆಯ ಮಷೀನಿನ ಮೆಮೊರಿಯಲ್ಲಾಗಲಿ, ಹೊಸದರಲ್ಲಾಗಲಿ ಒಂದೇ ಒಂದು ಅಲಾರಂ ದಾಖಲಾಗಿರಲಿಲ್ಲ. ಮಷೀನು ಕೂಗಿಯೇ ಇಲ್ಲವೆಂದಮೇಲೆ ಗಿಳಿ ಕಲಿತದ್ದು ಯಾರಿಂದ?

ತಿರುಗಿ ಹತ್ತಿದ. ಬಾಗಿಲು ಅರೆ ತೆರೆದಿತ್ತು. ಅಡುಗೆಮನೆಯಿಂದ ನಗು ಕೇಳುತ್ತಿತ್ತು. ಮೇಷ್ಟ್ರು ಕೊಳವೆ ಎಟುಕುವಷ್ಟೂ ದೂರ ಕುರ್ಚಿ ಎಳೆದುಕೊಂಡು ಪಂಜರಕ್ಕೆ ಮುಖವಿಟ್ಟು ಕೂತಿದ್ದರು.

"ಶಭಾಷ್ ಮರಿ, ಆ ಪಾಠ ಮುಗೀತು. ಈಗ ಹಸುಗೂಸು ಅಳೋದು ಕಲಿಯೋಣ. ಎಲ್ಲಿ, ಹೇಳು... ಕುವಾ, ಕುವಾ!"