ಒಂದೇ ಪ್ಲಗ್ಗಿನ ಕೋಣೆ

ಲ್ಯಾಪ್‌ಟಾಪಿನ ಪರದೆಯಲ್ಲಿ ಅಕ್ಕಪಕ್ಕದವರ ವೈಫೈಗಳೆಲ್ಲ ಸಾಲಾಗಿ ಬಂದು ನಿಂತವು, ಅವಳ ಮನೆಯದೊಂದನ್ನು ಬಿಟ್ಟು. ಅಡುಗೆಮನೆಯ ಕಟ್ಟೆಯ ಮೇಲೆ, ತೊಳೆದ ಪಾತ್ರೆಗಳನ್ನು ಅತ್ತ ಸರಿಸಿ ಇಟ್ಟುಕೊಂಡಿದ್ದ ಆ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಳು. ಮತ್ತದೇ ಹಾಡು. ಒಂಬತ್ತಕ್ಕೆ ಕೆಲಸ ಶುರು. ತರಿಸಿದ ಸಾಮಾನು ಬರಲಿಲ್ಲವೆಂದು ಫೋನಿನಲ್ಲಿ ಬೈಯುವವರಿಗೆ ಕೂತಲ್ಲೇ ಸಮಾಧಾನ ಹೇಳುವ ಕೆಲಸ. ಮೊದಲ ದಿನ ಸೂಪರ್‌ವೈಸರು ಕ್ಯಾಮೆರಾದಲ್ಲಿ ಕೋಣೆ ನೋಡುತ್ತಾನೆ. ಬೇರೆ ಯಾರೂ ಇರಬಾರದು, ಸದ್ದು ಕೂಡದು. ಅವನಿಗೆ ಹಿಡಿಸದಿದ್ದರೆ ಕೆಲಸವೂ ಇಲ್ಲ, ಕಂಪನಿ ಕೊಟ್ಟ ಲ್ಯಾಪ್‌ಟಾಪೂ ವಾಪಸ್ಸು. ಮನೆಯಿಂದಲೇ ಕೆಲಸ ಅಂದರೆ ಕೆಲಸ ನಮ್ಮದು, ಮನೆ ಅವರದು.

“ಒಳಗೆ ಹೋಗಿ ಆ ವೈಫೈ ಪೆಟ್ಟಿಗೆ ನೋಡೇ,” ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದಳು. “ಅದಕ್ಕೂ ನಿನ್ನ ಗಂಡನಿಗೂ ಎಣ್ಣೆ ಸೀಗೇಕಾಯಿ. ಇವನು ಮಲಗಿದ್ರೆ ಅದು ಎದ್ದಿರಲ್ಲ.”

ಅತ್ತೆಯ ಮಾತು ನಿಜವಾಗಿತ್ತು. ಮಲಗುವ ಕೋಣೆಯಲ್ಲಿದ್ದದ್ದು ಒಂದೇ ಪ್ಲಗ್ಗು. ವೈಫೈ ಹಾಕಲು ಬಂದವನು ತಂತಿ ಉಳಿಸಲು ಕಿಟಕಿಯ ಪಕ್ಕದಲ್ಲೇ ಪೆಟ್ಟಿಗೆಗೆ ಮೊಳೆ ಹೊಡೆದು ಕೈತೊಳೆದುಕೊಂಡಿದ್ದ. ಎಕ್ಸ್‌ಟೆನ್ಷನ್ ಬೋರ್ಡು ಮೊನ್ನೆಯಷ್ಟೇ ಸುಟ್ಟು ಕರಕಲಾಗಿತ್ತು. ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ರಾತ್ರಿಯಿಡೀ ಕುಲುಮೆಯ ಎದುರು ನಿಂತು ಬಂದ ಗಂಡ, ದಿನಾ ಮಾಡುವಂತೆ ಪೆಟ್ಟಿಗೆಯ ವೈರು ಕಿತ್ತು, ಟೇಬಲ್ ಫ್ಯಾನಿನದು ಚುಚ್ಚಿ ಮಲಗಿದ್ದ.

“ರೀ... ಇವತ್ತೊಂದು ದಿನ ಫ್ಯಾನ್ ತೆಗೀಲಾ?”

“ರಾತ್ರಿಯೆಲ್ಲ ಬೆಂದು ಬಂದಿದೀನಿ ಕಣೇ. ಹಗಲೂ ಬೇಯಿಸ್ತೀಯಾ?” ಅವನು ಕಣ್ಣು ಬಿಡಲಿಲ್ಲ.

“ನನಗೆ ಈ ಕೆಲಸ ಗಟ್ಟಿಯಾದ್ರೆ ರಾತ್ರಿ ಪಾಳಿ ಬಿಡ್ತೀನಿ ಅಂದಿದ್ದು ನೀವೇ ತಾನೆ?”

ಅವನು ಗೋಡೆಯ ಕಡೆ ಹೊರಳಿದ. “ತೆಗಿ, ತೆಗಿ. ಫ್ಯಾನೇನು, ಹಾಸಿಗೇನೂ ತೆಗಿ.”

ಪೆಟ್ಟಿಗೆಯ ಹಸಿರು ದೀಪಗಳು ಒಂದೊಂದಾಗಿ ಕಣ್ಣುಬಿಟ್ಟವು. ಅಡುಗೆಮನೆಗೆ ಓಡಿದಳು. ಪರದೆಯ ಮೇಲೆ ಮನೆಯ ವೈಫೈ ಬಂತು, ಹೋಯಿತು. ಲ್ಯಾಪ್‌ಟಾಪನ್ನು ಹಸುಗೂಸಿನಂತೆ ಎತ್ತಿಕೊಂಡು ಬಾಗಿಲಿಗೆ ಬಂದಳು. ಬಂತು, ಹೋಯಿತು. ನೆಟ್ಟಗೆ ನಿಂತದ್ದು ಕೋಣೆಯೊಳಗೆ, ಮಂಚದ ಬುಡದಲ್ಲಿ ಮಾತ್ರ. ಅಲ್ಲೇ ನೆಲಕ್ಕೆ ಕುಕ್ಕರಿಸಿ, ಸ್ಟೂಲಿನ ಮೇಲೆ ಲ್ಯಾಪ್‌ಟಾಪಿಟ್ಟು ಪಾಸ್‌ವರ್ಡ್ ಒತ್ತಿದಳು. ಕೊನೆಗೂ ಸೇರಿಕೊಂಡಿತು.

“ನಾನು ಆಚೆ ಹೋಗಿ ಬಿದ್ಕೋತೀನಿ,” ಎಂದು ಅವನು ಎದ್ದು ಕೂತ. ಕಾಲು ಕೆಳಗಿಡುವಷ್ಟರಲ್ಲಿ ಸೂಪರ್‌ವೈಸರಿನ ಕರೆ ಬಂತು. ಗೋಡೆಯಿಂದ ಗೋಡೆಗೆ ಮಂಚ. ಯಾವ ಕಡೆ ತಿರುಗಿಸಿದರೂ ಕ್ಯಾಮೆರಾಕ್ಕೆ ಮಂಚವೇ; ಬಾಗಿಲಿಗೆ ಹೋಗಬೇಕಾದರೂ ಅದರ ಎದುರೇ ದಾಟಬೇಕು. ಅವಳು ಗಂಡನನ್ನು ಹಿಂದಕ್ಕೆ ನೂಕಿ, ಮೂಲೆಯಲ್ಲಿದ್ದ ಒಣಗಿದ ಬಟ್ಟೆಗಳನ್ನೆಲ್ಲ ಬಾಚಿ ಅವನ ಮೇಲೆ ಸುರಿದಳು.

“ಉಸಿರು ಬಿಡಬೇಡಿ.”

“ಅದೊಂದು ಬಾಕಿ ಇತ್ತು ನೋಡು,” ಎಂದಿತು ರಾಶಿ.

ಪರದೆಯಲ್ಲಿ ನೀಟಾಗಿ ತಲೆ ಬಾಚಿದ ಮುಖವೊಂದು ಮೂಡಿತು. ಅವನ ಹಿಂದೆ ಬಿಳಿ ಗೋಡೆ, ಎ.ಸಿ.ಯ ತಣ್ಣನೆ ಗುಂಯ್ಗುಡುವಿಕೆ.

“ಮೇಡಂ, ಕೋಣೇಲಿ ಬೇರೆ ಯಾರಾದ್ರೂ ಇದಾರಾ?”

“ಯಾರೂ ಇಲ್ಲ ಸರ್.”

“ಹಿಂದೆ ಅದೇನು ಗುಡ್ಡ?”

“ಒಗೆದ ಬಟ್ಟೆ ಸರ್. ಮಡಚೋಕೆ ಆಗಿರ್ಲಿಲ್ಲ.”

“ನಾಳೆಯಿಂದ ಅದೆಲ್ಲ ಕಾಣಬಾರದು.”

“ಕಾಣಲ್ಲ ಸರ್.”

“ಸರಿ, ಓಕೆ ಮಾಡ್ತಿದೀನಿ. ಗ್ರಾಹಕರ ಕರೆಗಳನ್ನ ನಿಮ್ಮ ಕಡೆ ಬಿಡ್ತೀನಿ ಈಗ.” ಅವಳು ಉಸಿರುಬಿಟ್ಟಳು. ಅವನು ಏನೋ ನೆನಪಾದವನಂತೆ ನಕ್ಕ. “ಹಾಂ, ಇವತ್ತು ಸಂಜೆವರೆಗೂ ಕ್ಯಾಮೆರಾ ಆರಿಸಬೇಡಿ. ನಾನು ನೋಡ್ತಾ ಇರ್ತೀನಿ. ಮೊದಲ ದಿನ ಅಲ್ವಾ?”

ಅವಳು ಹಿಂದೆ ತಿರುಗಲಿಲ್ಲ. ತಿರುಗುವ ಹಾಗಿರಲಿಲ್ಲ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಯಾರೋ ಆಗಲೇ ಕಿರುಚುತ್ತಿದ್ದರು.

“ನಮಸ್ಕಾರ, ಹೇಳಿ, ನಿಮಗೇನು ತೊಂದರೆಯಾಯ್ತು?” ಎಂದಳು.

ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಅವಳ ಮುಖ, ಅದರ ಹಿಂದೆ ಬಟ್ಟೆ ರಾಶಿ. ನಿನ್ನೆಯ ಬಿಸಿಲಿಗೆ ಗರಿಗರಿಯಾಗಿ ಒಣಗಿದ್ದ ಆ ಬಟ್ಟೆಗಳು, ಫ್ಯಾನು ನಿಂತ ಕೋಣೆಯಲ್ಲಿ, ನಡುವಿನಿಂದ ಅಂಚಿಗೆ, ನಿಧಾನವಾಗಿ ಮತ್ತೆ ಒದ್ದೆಯಾಗುತ್ತಿದ್ದವು.