ಹದಿನೇಳನೇ ಬ್ಯಾಚು

"ಲಕ್ಷಾಂತರ ಕೆಲಸ ಖಾಲಿ ಬಿದ್ದಿವೆ, ಸ್ನೇಹಿತರೇ! ಡೇಟಾ ಅನಲಿಸ್ಟ್ ಆಗಿ. ಆರೇ ಆರು ತಿಂಗಳು ಸಾಕು" ಎನ್ನುತ್ತಿದ್ದ ಹಾಗೇ ಸ್ಟುಡಿಯೋದ ದೀಪಗಳೆಲ್ಲ ಮತ್ತೆ ಆರಿಹೋದವು. ಕ್ಯಾಮೆರಾ ಮುಂದೆ ಕುಳಿತಿದ್ದ ಆನ್‌ಲೈನ್ ಕೋಚ್ ಹಣೆ ಚಚ್ಚಿಕೊಂಡ. ಏಣಿಯ ಮೇಲಿದ್ದ ಎಲೆಕ್ಟ್ರಿಷಿಯನ್, "ಸ್ವಲ್ಪ ತಡೀರಿ ಸರ್, ಒಂದೇ ವೈರಿಗೆ ಇಷ್ಟೊಂದು ಲೈಟು ನೇತುಹಾಕಿದ್ದಾರೆ" ಎಂದು ಬೋರ್ಡಿನ ಮುಚ್ಚಳ ಬಿಚ್ಚಿದ.

ಕೋಚ್‌ನ ಆ ಮಾತು ಎಲೆಕ್ಟ್ರಿಷಿಯನ್ನಿಗೆ ಬಾಯಿಪಾಠವಾಗಿತ್ತು. ಅವನ ಮಗಳು ಇದೇ ಕೋರ್ಸು ಮುಗಿಸಿ ಹದಿನಾಲ್ಕು ತಿಂಗಳಾಗಿತ್ತು. ದಿನಾ ಬೆಳಿಗ್ಗೆ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಎಲ್ಲಿಗೂ ಹೋಗದೆ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದಳು. ಕಳಿಸಿದ ಅರ್ಜಿ ನಾನೂರು ದಾಟಿತ್ತು. ಬಂದ ಉತ್ತರ ನಾಲ್ಕೋ ಐದೋ. ಅವೂ ಧನ್ಯವಾದ ಹೇಳಿ ಬಾಗಿಲು ಹಾಕಿಕೊಂಡಂಥವು. ಇತ್ತೀಚೆಗೆ ಊಟಕ್ಕೆ ಕರೆದರೂ ಅವಳು ತಲೆಯೆತ್ತುತ್ತಿರಲಿಲ್ಲ. ರಿಪೇರಿಗೆ ಕರೆದದ್ದು ಇದೇ ಕೋಚ್ ಎಂದು ತಿಳಿದಾಗಿನಿಂದ, ಅವಳಿಗೊಂದು ಕೆಲಸ ಕೇಳಿಯೇ ಬಿಡಬೇಕು ಎಂದುಕೊಂಡಿದ್ದ. ಅಳದ ಮಗುವಿಗೆ ತಾಯಿಯೂ ಹಾಲು ಕೊಡುವುದಿಲ್ಲವಂತೆ.

"ಸರ್, ನನ್ನ ಮಗಳೂ ನಿಮ್ಮ ಸ್ಟೂಡೆಂಟೇ. ಹದಿನೇಳನೇ ಬ್ಯಾಚು."

ಕೋಚ್ ಮುಖ ಅರಳಿತು. "ಹೌದಾ ಯಜಮಾನ್ರೇ? ಈಗ ನಲವತ್ತೊಂದು ನಡೀತಿದೆ! ಎಲ್ಲಿ ಕೆಲಸ ಮಾಡ್ತಿದ್ದಾಳೆ ಈಗ?"

"ಮನೇಲೇ ಇದ್ದಾಳೆ."

ಅರಳಿದ ಮುಖ ಅಷ್ಟೇ ಬೇಗ ಮುದುಡಿತು. "ಪ್ರಯತ್ನ ಬಿಡಬಾರ್ದು. ರೆಸ್ಯೂಮೆ ಸ್ವಲ್ಪ ತಿದ್ದಿ ನೋಡ್ಲಿ."

"ತಿದ್ದಿ ತಿದ್ದಿ ಸಾಕಾಗಿದೆ ಸರ್. ನಿಮ್ಮಲ್ಲೇ ಏನಾದ್ರೂ ಕೊಡಿ. ಚುರುಕು ಹುಡುಗಿ, ಒಂದ್ಸಲ ಹೇಳಿದ್ರೆ ಹಿಡ್ಕೋತಾಳೆ."

ಕೋಚ್ ಕ್ಯಾಮೆರಾ ಆಫ್ ಆಗಿದೆಯೇ ಎಂದು ನೋಡಿಕೊಂಡ. ಅವನೇನು ಕೆಟ್ಟವನಲ್ಲ, ದೀಪ ಆರಿದ್ದಾಗ ನಿಜ ಹೇಳುವಷ್ಟು ಒಳ್ಳೆಯವನು. "ನಿಮ್ಮ ಹತ್ರ ಏನು ಮುಚ್ಚುಮರೆ? ಹೋದ ತಿಂಗಳು ನಮ್ಮ ಆಫೀಸಿಗೇ ಒಬ್ರು ಬೇಕು ಅಂತ ಹಾಕಿದ್ದೆ. ಒಂದು ಕೆಲಸಕ್ಕೆ ಎರಡು ಸಾವಿರ ಅರ್ಜಿ! ಮುಕ್ಕಾಲು ಪಾಲು ನಮ್ಮಲ್ಲಿ ಕಲಿತೋರೇ. ಎಲ್ಲಾ ಅರ್ಜೀಲೂ ನಾನು ಹೇಳಿಕೊಟ್ಟ ಅದೇ ನಾಲ್ಕು ಸಾಲು. ಯಾರನ್ನ ಅಂತ ತಗೊಳ್ಳೋದು? ಕೊನೆಗೆ ನನ್ನ ಬಾಮೈದನ್ನೇ ತಗೊಂಡೆ."

ಎಲೆಕ್ಟ್ರಿಷಿಯನ್ ಮತ್ತೆ ಬೋರ್ಡಿನತ್ತ ತಿರುಗಿದ. ಲಕ್ಷಾಂತರ ಎಂದರೆ ಕೆಲಸಗಳ ಲೆಕ್ಕ ಎಂದು ನಂಬಿದ್ದ. ಅದು ಕೆಲಸ ಹುಡುಕುವವರ ಲೆಕ್ಕ ಎಂದು ಈಗ ಗೊತ್ತಾಯಿತು. ತೆಳು ವೈರು ಕಿತ್ತು ಹೊಸದು ಎಳೆದ. ದೀಪಗಳನ್ನು ಎರಡು ಲೈನಿಗೆ ಹಂಚಿದ. ಇಳಿದು ಬಂದು ಸ್ವಿಚ್ ಹಾಕಿದ. ಕೋಣೆಯೆಲ್ಲ ಬೆಳಗಿತು, ಈ ಸಲ ಆರಲಿಲ್ಲ.

ಕೋಚ್‌ಗೆ ಹೋದ ಜೀವ ಬಂದಂತಾಯಿತು. ಕೂದಲು ಸರಿಮಾಡಿಕೊಳ್ಳುತ್ತ ಅಂದ: "ಒಂಬತ್ತು ದಿನದಿಂದ ಫೋನ್ ಮಾಡ್ತಾನೇ ಇದ್ದೆ. ಇಷ್ಟು ದೊಡ್ಡ ಊರಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಸಿಗಲ್ಲ ಅಂದ್ರೆ! ಇರೋರೆಲ್ಲ ನಿಮ್ಮ ಹಾಗೆ ವಯಸ್ಸಾದೋರೇ. ಇಷ್ಟು ಚೆನ್ನಾಗಿ ಕೆಲಸ ಗೊತ್ತಿದೆ, ಯಾರಿಗಾದ್ರೂ ಕಲಿಸಬಾರ್ದಾ ಯಜಮಾನ್ರೇ?"

ಎಲೆಕ್ಟ್ರಿಷಿಯನ್ ಏಣಿ ಮಡಚಿ ಹೆಗಲಿಗೇರಿಸಿದ.

"ಮಗಳಿಗೆ ಕಲಿಸಿದ್ದೆ ಸರ್. ಆರು ವರ್ಷ ನನ್ನ ಜೊತೇಲೇ ಕೆಲಸ ಮಾಡಿದ್ಲು. ನಿಮ್ಮ ವಿಡಿಯೋ ನೋಡಿ, ನಾನೇ ಬಿಡಿಸಿದೆ."