ಗೋಧಿತೆನೆಯ ನಾಣ್ಯಕ್ಕೆ ಅರಗು

ಬಿಸಿ ಅರಗಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಚಿಕ್ಕಪ್ಪ ಕಿರುಚಿದ್ದೇ ಕೇಳಿಸುತ್ತದೆ.

ಚನ್ನಪಟ್ಟಣದ ನಮ್ಮ ಮನೆಯ ಹಿತ್ತಲಲ್ಲಿ ಅಪ್ಪ ಲೇತ್ ಮಿಷನ್ನಿಟ್ಟು ಮರದ ಬೊಂಬೆ ಕಡೆದು, ಅರಗಿನ ಬಣ್ಣ ಹತ್ತಿಸುತ್ತಿದ್ದರು. ಚಿಕ್ಕಪ್ಪನಿಗೆ ಅಮೆರಿಕದ ನಾಣ್ಯಗಳ ಹುಚ್ಚು. ಅಲ್ಲಿ ನಾಣ್ಯ ಕೂಡಿಡುವವರೆಲ್ಲ ಮೊದಲು ಹುಡುಕುವುದು ಗೋಧಿತೆನೆಯಿರುವ ಒಂದು ಸೆಂಟಿನ ತಾಮ್ರದ ನಾಣ್ಯವನ್ನಂತೆ, ಬೆಳ್ಳಿ ಡಾಲರ್ ಆಮೇಲಂತೆ. ಉಣ್ಣಲು ಕೂತರೂ ಇದೇ ಪುರಾಣ ಕೇಳಿ ನಮಗೆ ತಲೆ ಚಿಟ್ಟು ಹಿಡಿದಿತ್ತು. "ರಾಗಿತೆನೇದು ಇಲ್ವೇನ್ಲಾ?" ಎಂದು ಅಜ್ಜಿ ರೇಗುತ್ತಿದ್ದಳು. ಯಾರಾದರೂ ನಾಣ್ಯ ಮುಟ್ಟಿದರೆ, "ಅಂಚು ಹಿಡೀರಿ, ಅಂಚು!" ಎಂದು ಅವನ ಕೂಗಾಟ.

ಆ ಮಧ್ಯಾಹ್ನ ಅಪ್ಪ ಅವನನ್ನು ಕರೆದು ಅಂಗೈ ಬಿಚ್ಚಿ ತೋರಿಸಿದರು. ಕಪ್ಪಗಾಗಿದ್ದ ಅವನ ಗೋಧಿತೆನೆಯ ನಾಣ್ಯವೊಂದನ್ನು ಉಜ್ಜಿ, ಕೆಂಪು ಅರಗು ಹತ್ತಿಸಿ, ಬೊಂಬೆಯ ಹಾಗೇ ಮಿರಮಿರ ಮಿಂಚಿಸಿದ್ದರು.

"ನೋಡ್ಲಾ, ಹೊಸಾದ್ರಂಗೆ ಐತೆ."

"ಹಾಳು ಮಾಡ್ಬುಟ್ಟಲ್ಲಣ್ಣೋ! ಆ ಕಪ್ಪಿಗೇ ಕಣಣ್ಣ ಅಮೆರಿಕದೋರು ಬೆಲೆ ಕೊಡೋದು!"

ಅಪ್ಪನ ಮುಖ ಸಪ್ಪಗಾಯಿತು. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. ಮೂಲೆಯಲ್ಲಿದ್ದ ರಟ್ಟಿನ ಪೆಟ್ಟಿಗೆಯನ್ನು ಕಾಲಲ್ಲೇ ಮುಂದಕ್ಕೆ ನೂಕಿದರು. ಅಮೆರಿಕದ ಅಂಗಡಿಯವರು ಬೇಡವೆಂದು ಆ ವಾರವಷ್ಟೇ ವಾಪಸು ಕಳಿಸಿದ್ದ ಬೊಂಬೆಗಳು ಅದರಲ್ಲಿದ್ದವು.

"ಒಸಿ ಗೀರು ಬಿದ್ದೈತೆ ಅಂತ ಇಷ್ಟನ್ನೂ ವಾಪಸ್ ಕಳ್ಸವ್ರೆ. ಕೊಳೆಗೆ ಬೆಲೆ ಕೊಡೋರೂ ಅವ್ರೇನಾ? ಎಂಥಾ ಜನ ಕಣ್ಲಾ ಅವ್ರು!"

ಚಿಕ್ಕಪ್ಪ ನಾಣ್ಯವನ್ನು ಕಸಿದು ಮರದ ಹೊಟ್ಟಿನ ಮೇಲೆ ಬಿಸಾಡಿ ಹೋದ. ಅಪ್ಪ ಗೊಣಗುತ್ತಲೇ ಬಗ್ಗಿ ಅದನ್ನು ಎತ್ತಿಕೊಂಡರು, ಹೊಳಪಿನ ಮೇಲೆ ಬೆರಳು ತಾಗದಂತೆ, ಅಂಚು ಹಿಡಿದು.